ಕೈಯಲ್ಲಿರುವ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಸ್ಕ್ರ್ಯಾಬಲ್ (ಟೈಲ್ ಎಂಬ ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಆಟ) ಆಡುವವರು, ಇಂಗ್ಲಿಷ್ ಪದಬಂಧ ಬಿಡಿಸುವವರು, ವರ್ಡಲ್ (ಅಡಗಿರುವ ಪದವನ್ನು ಊಹಿಸುವ ಆನ್‌ಲೈನ್ ಆಟ) ಚಟ ಹತ್ತಿಸಿಕೊಂಡವರು, ಎಲ್ಲರಿಗೂ ಇರುವ ತಲೆನೋವು ಒಂದೇ. ಅಕ್ಷರಗಳು ಕಣ್ಣೆದುರೇ ಇವೆ, ಪದ ಮಾತ್ರ ಹೊಳೆಯುತ್ತಿಲ್ಲ. ಆಗ ಹೆಚ್ಚಿನವರು ಅಕ್ಷರಗಳನ್ನು ಸುಮ್ನೆ ಹಿಂದೆ ಮುಂದೆ ಮಾಡುತ್ತಾ ಕೂರುತ್ತಾರೆ. ಏಳು ಬೇರೆ ಬೇರೆ ಅಕ್ಷರಗಳನ್ನು 5,040 ರೀತಿಯಲ್ಲಿ ಜೋಡಿಸಬಹುದು. ಒಂಬತ್ತಾದರೆ 3,62,880 ರೀತಿ. ಹೀಗೆ ಹುಡುಕುತ್ತಾ ಕೂತರೆ ಬೆಳಗಾಗುತ್ತದೆ.

ಪದ ಬೇಗ ಹಿಡಿಯುವವರು ಜೋಡಿಸುತ್ತಾ ಹೋಗುವುದಿಲ್ಲ, ಕಳೆಯುತ್ತಾ ಹೋಗುತ್ತಾರೆ. ಯಾವ ಅಕ್ಷರ ಎಲ್ಲಿ ಕೂರುವುದೇ ಇಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅದರಲ್ಲೂ ಗುಂಪಿನಲ್ಲಿ ಅತಿ ಅಪರೂಪದ ಅಕ್ಷರ ಯಾವುದೋ ಅದನ್ನೇ ಮೊದಲು ಹಿಡಿಯುತ್ತಾರೆ. ಈ ಬರಹದ ತುಂಬಾ ಇರುವುದು ಇದೇ ಉಪಾಯ. ತಲೆಯಲ್ಲೇ ಹುಡುಕುವಾಗಲೂ ಇದು ಬೇಕು, ಕಂಪ್ಯೂಟರಿನಲ್ಲಿ ಹುಡುಕುವಾಗಲೂ ಬೇಕು.

ಓದುವ ಮೊದಲು ಒಂದು ಮಾತು. ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದಲೇ ಬರೆದಿದ್ದೇನೆ. ಎಸ್-ಟಿ-ಓ-ಪಿ ಅಂದರೆ ಸ್ಟಾಪ್. ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾ ಓದಿದರೆ ಚೆನ್ನಾಗಿ ಹಿಡಿಯುತ್ತದೆ.

ಹಂತ 1: ನಿಮ್ಮ ಪ್ರಶ್ನೆ ಯಾವುದು?

"ಈ ಅಕ್ಷರಗಳಿರುವ ಪದ ಬೇಕು" ಅಂದರೆ ಅದಕ್ಕೆ ನಾಲ್ಕು ಅರ್ಥ ಇರಬಹುದು. ಸಿ, ಎ, ಟಿ ಎಂಬ ಮೂರು ಅಕ್ಷರಗಳನ್ನೇ ತೆಗೆದುಕೊಳ್ಳಿ.

ಒಂದು, ಇವಿಷ್ಟನ್ನೂ ಬಳಸಬೇಕು, ಬೇರೇನೂ ಸೇರಬಾರದು. ಆಗ ಕ್ಯಾಟ್, ಆ್ಯಕ್ಟ್ ಸಿಗುತ್ತವೆ. ಇದನ್ನೇ ಅನಗ್ರಾಮ್ ಅನ್ನುವುದು.

ಎರಡು, ಇವುಗಳಿಂದ ಮಾತ್ರ ಪದ ಕಟ್ಟಬೇಕು, ಆದರೆ ಕೆಲವನ್ನು ಬಿಡಬಹುದು. ಆಗ ಆ್ಯಟ್ ಕೂಡ ನಡೆಯುತ್ತದೆ. ಸ್ಕ್ರ್ಯಾಬಲ್‌ನ ಏಳು ಟೈಲ್ ಹಿಡಿದು ಯೋಚಿಸುವುದು ಹೆಚ್ಚುಕಡಿಮೆ ಹೀಗೆ. ಬ್ರಿಟನ್ನಿನಲ್ಲಿ 1982ರಿಂದ ನಡೆಯುತ್ತಿರುವ ಕೌಂಟ್‌ಡೌನ್ ಎಂಬ ಟಿವಿ ಆಟದ್ದೂ ಇದೇ ಪ್ರಶ್ನೆ. ಒಂಬತ್ತು ಅಕ್ಷರ, 30 ಸೆಕೆಂಡ್, ಅಷ್ಟರಲ್ಲಿ ಆದಷ್ಟು ಉದ್ದದ ಪದ ಹೇಳಬೇಕು.

ಮೂರು, ಈ ಮೂರೂ ಇರಲೇಬೇಕು, ಜೊತೆಗೆ ಬೇರೆ ಏನಿದ್ದರೂ ಸರಿ. ಆಗ ಪ್ರಾಕ್ಟೀಸ್, ಟ್ಯಾಕ್ಟಿಕ್, ಅಟ್ರಾಕ್ಟ್ ಹೀಗೆ ಸಾವಿರಾರು ಪದ.

ನಾಲ್ಕು, ಇವು ಇದೇ ಸಾಲಿನಲ್ಲಿ, ಒಟ್ಟಿಗೆ, ಅಥವಾ ಇಂಥದೇ ಜಾಗದಲ್ಲಿ ಬರಬೇಕು. ಎಜುಕೇಶನ್ ಪದವನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ನಡುವೆ ಸಿ-ಎ-ಟಿ ಕೂತಿದೆ! ಲೊಕೇಶನ್, ಡೆಲಿಕೇಟ್, ಸ್ಕ್ಯಾಟರ್ ಕೂಡ ಹಾಗೇ. ಪದಬಂಧ ಮತ್ತು ವರ್ಡಲ್ ಈ ಜಾತಿಗೆ ಸೇರಿದವು.

ಕೆಲವು ಆಟಗಳು ಇವನ್ನು ಬೆರೆಸುತ್ತವೆ. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಕೊಡುವುದು ಏಳೇ ಅಕ್ಷರ. ನಡುವಿನ ಅಕ್ಷರ ಇರಲೇಬೇಕು, ಪದದಲ್ಲಿ ಕನಿಷ್ಠ ನಾಲ್ಕು ಅಕ್ಷರ ಇರಬೇಕು, ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು.

ಇನ್ನೊಂದು ವಿಷಯವನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಒಂದೇ ಅಕ್ಷರ ಎರಡು ಸಲ ಬರಬಹುದಾ? ಬುಕ್‌ಕೀಪರ್ ಪದಕ್ಕೆ ಓ ಎರಡು, ಕೆ ಎರಡು, ಇ ಮೂರು ಬೇಕು. ನಿಮ್ಮ ಹತ್ತಿರ ಇ ಒಂದೇ ಇದ್ದರೆ ಈ ಪದ ನಿಮಗಲ್ಲ. ಬಹಳಷ್ಟು ಹುಡುಕಾಟ ಹಳಿ ತಪ್ಪುವುದು ಇಲ್ಲೇ.

ಹಂತ 2: ಕಿವಿಯನ್ನು ನಂಬಬೇಡಿ

ಕನ್ನಡದಲ್ಲಿ ಹೇಳಿದ ಹಾಗೆ ಬರೆಯುತ್ತೇವೆ, ಬರೆದ ಹಾಗೆ ಓದುತ್ತೇವೆ. ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ಪದವನ್ನೂ ಸದ್ದಿನಿಂದ ಹುಡುಕಲು ಹೊರಟರೆ ಅರ್ಧ ಪದ ಕೈಗೇ ಸಿಗುವುದಿಲ್ಲ. ಅಕ್ಷರದ ಆಟ ಕಣ್ಣಿನ ಆಟ.

"ಫ" ಎಂಬ ಸದ್ದು ಬೇಕು ಅಂದುಕೊಂಡರೆ ಎಫ್ ಮಾತ್ರ ಹೊಳೆಯುತ್ತದೆ. ಆದರೆ ಫೋನ್‌ನಲ್ಲಿ ಇರುವುದು ಪಿ-ಎಚ್, ಲಾಫ್‌ನಲ್ಲಿ ಜಿ-ಎಚ್. "ಶನ್" ಎಂದು ಮುಗಿಯುವ ಪದ ಟಿ-ಐ-ಓ-ಎನ್ ಆಗಿರಬಹುದು, ಎಸ್-ಐ-ಓ-ಎನ್ ಆಗಿರಬಹುದು, ಮ್ಯುಸಿಶಿಯನ್‌ನಲ್ಲಿರುವಂತೆ ಸಿ-ಐ-ಎ-ಎನ್ ಕೂಡ ಆಗಿರಬಹುದು. ಹಾಗಾಗಿ ಕೈಯಲ್ಲಿ ಪಿ ಮತ್ತು ಎಚ್ ಎರಡೂ ಇದ್ದರೆ ಅವನ್ನು ಜೋಡಿ ಮಾಡಿ ಒಮ್ಮೆ ನೋಡಲೇಬೇಕು.

ಸದ್ದೇ ಇಲ್ಲದೆ ಕೂತಿರುವ ಅಕ್ಷರಗಳು ಇನ್ನೂ ತುಂಟವು. ನೈಫ್‌ನ ಮೊದಲಲ್ಲಿ ಕೆ, ಸೈಕಾಲಜಿಯ ಮೊದಲಲ್ಲಿ ಪಿ, ಐಲ್ಯಾಂಡ್‌ನಲ್ಲಿ ಎಸ್, ಡೌಟ್‌ನಲ್ಲಿ ಬಿ, ಕಾಲಂ ಪದದ ಕೊನೆಯಲ್ಲಿ ಎನ್. ಸೈನ್ಯದ ಕರ್ನಲ್ ಅಂತೂ ಎಲ್ಲರಿಗಿಂತ ಮುಂದೆ. ಹೇಳುವಾಗ ಆರ್ ಸ್ಪಷ್ಟವಾಗಿ ಕೇಳುತ್ತದೆ, ಬರೆಯುವಾಗ ಸಿ-ಓ-ಎಲ್-ಓ-ಎನ್-ಇ-ಎಲ್. ಆರ್ ಎಲ್ಲೂ ಇಲ್ಲ.

ಹಂತ 3: ಅಕ್ಷರಗಳನ್ನು ಮತ್ತೆ ಬರೆದುಕೊಳ್ಳಿ

ಕೊಟ್ಟ ಸಾಲನ್ನೇ ದಿಟ್ಟಿಸುತ್ತಾ ಕೂರಬೇಡಿ. ಸಾಲಿನಲ್ಲಿ ಬರೆದ ಅಕ್ಷರಗಳನ್ನು ಕಣ್ಣು ತಾನಾಗೇ ಒಂದು ಪದದಂತೆ ಓದಲು ನೋಡುತ್ತದೆ. ಆಮೇಲೆ ಆ ಜೋಡಣೆಯಿಂದ ಹೊರಗೆ ಬರುವುದು ಕಷ್ಟ. ಅವನ್ನು ವೃತ್ತಾಕಾರದಲ್ಲಿ ಬರೆಯಿರಿ. ಅಥವಾ ಸ್ವರಗಳನ್ನು ಒಂದು ಕಡೆ, ವ್ಯಂಜನಗಳನ್ನು ಒಂದು ಕಡೆ ಬರೆಯಿರಿ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಸ್ವರ ಎಷ್ಟಿದೆ ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ, ಪದ ಎಷ್ಟು ತುಂಡಾಗಬಹುದು ಅನ್ನುವ ಅಂದಾಜೂ ಸಿಗುತ್ತದೆ.

ಸ್ವರವೇ ಇಲ್ಲದಿದ್ದರೆ ಮೊದಲು ವೈ ಇದೆಯಾ ನೋಡಿ. ರಿದಮ್, ಮಿತ್, ಕ್ರಿಪ್ಟ್, ನಿಂಫ್, ಲಿಂಕ್ಸ್ ಎಂಬ ಕಾಡುಬೆಕ್ಕು, ಇಲ್ಲೆಲ್ಲ ಸ್ವರದ ಕೆಲಸ ಮಾಡುವುದು ವೈ. ವೈ ಕೂಡ ಇಲ್ಲವೇ? ಆಗ ಉಳಿಯುವುದು ಹುಂ, ಶ್, ಬ್ರ್ ಥರದ ಉದ್ಗಾರಗಳು, ಮತ್ತೆ ವೆಲ್ಷ್ ಭಾಷೆಯಿಂದ ಬಂದ ಸಿ-ಡಬ್ಲ್ಯೂ-ಎಮ್ (ಬೆಟ್ಟದ ನಡುವಿನ ಕಣಿವೆ), ಸಿ-ಆರ್-ಡಬ್ಲ್ಯೂ-ಟಿ-ಎಚ್ (ಒಂದು ತಂತಿವಾದ್ಯ). ವೆಲ್ಷ್‌ನಲ್ಲಿ ಡಬ್ಲ್ಯೂ ಸ್ವರವಾಗಿಯೂ ನಡೆಯುತ್ತದೆ. ಇವೆರಡೂ ಸ್ಕ್ರ್ಯಾಬಲ್‌ನಲ್ಲಿ ಸಲ್ಲುತ್ತವೆ.

ಸ್ವರ ತೀರಾ ಜಾಸ್ತಿಯಾದರೆ ಕ್ಯೂ (ಕ್ಯೂ-ಯು-ಇ-ಯು-ಇ), ಆಡಿಯೋ, ಅಡ್ಯೂ (ಎ-ಡಿ-ಐ-ಇ-ಯು) ಥರದ ಪದಗಳು ಕೈಹಿಡಿಯುತ್ತವೆ. ಐದು ಸ್ವರವೂ ಬೇಕು ಅಂದರೆ ಎಜುಕೇಶನ್, ಈಕ್ವೇಶನ್, ಕಾಲಿಫ್ಲವರ್ ಇವೆ. ಐದೂ ಸ್ವರ ಎ-ಇ-ಐ-ಓ-ಯು ಎಂಬ ವರಸೆಯಲ್ಲೇ ಬರುವ ಪದವೂ ಇದೆ. ಫೆಸೀಶಸ್, ಅಂದರೆ ತಮಾಷೆ ಮಾಡುವ ಸ್ವಭಾವದ. ಅಬ್ಸ್ಟೀಮಿಯಸ್ ಇನ್ನೊಂದು.

ಹಂತ 4: ಬಾಲ ಮತ್ತು ತಲೆ ಕಿತ್ತು ಪಕ್ಕಕ್ಕಿಡಿ

ಉದ್ದನೆಯ ಇಂಗ್ಲಿಷ್ ಪದಗಳಲ್ಲಿ ಹೆಚ್ಚಿನವಕ್ಕೆ ಪರಿಚಿತ ಬಾಲ ಇರುತ್ತದೆ. ಐ-ಎನ್-ಜಿ, ಇ-ಡಿ, ಇ-ಆರ್, ಇ-ಎಸ್-ಟಿ, ಎಲ್-ವೈ, ಟಿ-ಐ-ಓ-ಎನ್, ಎಮ್-ಇ-ಎನ್-ಟಿ, ಎನ್-ಇ-ಎಸ್-ಎಸ್, ಎ-ಬಿ-ಎಲ್-ಇ, ಓ-ಯು-ಎಸ್, ಐ-ವಿ-ಇ. ತಲೆಯ ಕಡೆ ಆರ್-ಇ, ಯು-ಎನ್, ಡಿ-ಐ-ಎಸ್, ಎಮ್-ಐ-ಎಸ್, ಪಿ-ಆರ್-ಇ, ಓ-ಯು-ಟಿ. ನಿಮ್ಮ ಗುಂಪಿನಲ್ಲಿ ಇವುಗಳ ಅಕ್ಷರ ಇದ್ದರೆ ತೆಗೆದು ಬದಿಗಿಡಿ. ಉಳಿದದ್ದರಲ್ಲಿ ಚಿಕ್ಕ ಪದ ಹುಡುಕಿ.

ಮಾಡಿ ನೋಡೋಣ. ಎಂಟು ಅಕ್ಷರ ಇವೆ: ಎ, ಇ, ಜಿ, ಐ, ಎಲ್, ಎನ್, ಆರ್, ಟಿ. ಎಲ್ಲವನ್ನೂ ಬಳಸಬೇಕು.

ಐ, ಎನ್, ಜಿ ಮೂರೂ ಇವೆ. ಕಿತ್ತಿಡಿ. ಉಳಿದದ್ದು ಎ, ಇ, ಎಲ್, ಆರ್, ಟಿ. ಎಂಟು ಅಕ್ಷರದ ಗೊಂದಲ ಐದಕ್ಕೆ ಇಳಿಯಿತು. ಇವುಗಳಿಂದ ಅಲರ್ಟ್, ಆಲ್ಟರ್, ಲೇಟರ್ ಆಗುತ್ತವೆ. ಬಾಲ ಮತ್ತೆ ಅಂಟಿಸಿ. ಅಲರ್ಟಿಂಗ್ ಆಯಿತು, ಆಲ್ಟರಿಂಗ್ ಆಯಿತು. ಲೇಟರಿಂಗ್? ಅಂಥ ಪದ ಇಲ್ಲ. ಬಾಲ ಅಂಟುವುದು ಕ್ರಿಯಾಪದಕ್ಕೆ ಮಾತ್ರ, ಸಿಕ್ಕ ಸಿಕ್ಕ ಪದಕ್ಕಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಐ-ಎನ್-ಜಿ ಸೇರುವಾಗ ಮೂಲ ಪದದ ಕೊನೆಯ ಇ ಹೆಚ್ಚಾಗಿ ಬಿದ್ದುಹೋಗುತ್ತದೆ. ಹಾಗಾಗಿ ಆರ್-ಇ-ಎಲ್-ಎ-ಟಿ ಎಂದು ಜೋಡಿಸಿದಾಗ ಅದು ಪದದಂತೆ ಕಾಣದಿದ್ದರೂ ಬಿಡಬೇಡಿ. ರಿಲೇಟ್ ಇ ಕಳೆದುಕೊಂಡು ಕೂತಿದೆ. ರಿಲೇಟಿಂಗ್ ಸಿಕ್ಕಿತು.

ಇಷ್ಟಕ್ಕೇ ನಿಲ್ಲಿಸಿದರೆ ಎರಡು ಒಳ್ಳೆಯ ಪದ ತಪ್ಪಿಹೋಗುತ್ತವೆ. ಬಾಲವನ್ನು ಒಡೆದುಹಾಕಿ ಬೇರೆ ಕೊನೆ ಕೊಟ್ಟು ನೋಡಿ. ಎ-ಎಲ್ ಕೊನೆಗಿಟ್ಟರೆ ಇಂಟಿಗ್ರಲ್. ಎಲ್-ಇ ಕೊನೆಗಿಟ್ಟರೆ ಟ್ರಯಾಂಗಲ್. ಒಟ್ಟು ಐದು ಪದ, ಎಲ್ಲವೂ ಅದೇ ಎಂಟು ಅಕ್ಷರದ್ದು.

ಹಂತ 5: ಅಪರೂಪದ ಅಕ್ಷರವನ್ನು ಹಿಡಿಯಿರಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಉಳಿದ ಯಾವ ಉಪಾಯಕ್ಕಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಕ್ಷರ ಎಷ್ಟು ಅಪರೂಪ ಎಂದು ತಿಳಿಯಲು ಸ್ಕ್ರ್ಯಾಬಲ್ ಡಬ್ಬಿ ನೋಡಿದರೆ ಸಾಕು. 1930ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಬಟ್ಸ್ ಈ ಆಟ ಕಟ್ಟುವಾಗ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಟೈಲ್‌ಗಳ ಲೆಕ್ಕ ಹಾಕಿದರು. 100 ಟೈಲ್‌ಗಳಲ್ಲಿ ಇ 12, ಎ ಮತ್ತು ಐ ತಲಾ 9, ಓ 8. ಎನ್, ಆರ್, ಟಿ ತಲಾ 6. ಕೊನೆಯಲ್ಲಿ ಜೆ, ಕೆ, ಕ್ಯೂ, ಎಕ್ಸ್, ಝಡ್ ಒಂದೊಂದೇ. ಎಸ್ ಮಾತ್ರ ಲೆಕ್ಕಕ್ಕಿಂತ ಕಡಿಮೆ, ನಾಲ್ಕೇ. ಎಲ್ಲದಕ್ಕೂ ಬಹುವಚನದ ಎಸ್ ಅಂಟಿಸಿದರೆ ಆಟ ಸಪ್ಪೆಯಾಗುತ್ತದೆ ಅಲ್ವಾ?

ಅಪರೂಪದ ಅಕ್ಷರಗಳಿಗೆ ತಮ್ಮದೇ ಕುರ್ಚಿಗಳಿವೆ. ಆ ಕುರ್ಚಿಗಳನ್ನು ನೆನಪಿಟ್ಟುಕೊಳ್ಳುವುದೇ ಅರ್ಧ ವಿದ್ಯೆ.

ಕ್ಯೂ ಬಂದರೆ ಹಿಂದೆಯೇ ಯು ಬರುತ್ತದೆ, ಅದರ ಹಿಂದೆ ಇನ್ನೊಂದು ಸ್ವರ. ಹಾಗಾಗಿ ಕ್ಯೂ-ಯು ಎರಡನ್ನೂ ಒಂದೇ ಅಕ್ಷರ ಎಂದುಕೊಳ್ಳಿ. ಯು ಇಲ್ಲದೆ ಕ್ಯೂ ಸಿಕ್ಕಿದರೆ ಬೇರೆ ಭಾಷೆಗಳಿಂದ ಬಂದ ಪದಗಳತ್ತ ಹೋಗಬೇಕು. ಕ್ಯೂ-ಐ (ಚೀನೀ ಮೂಲದ ಚೀ, ಅಂದರೆ ಜೀವಶಕ್ತಿ), ನಿಖಾಬ್, ಬುರ್ಖಾ, ಫಕೀರ್, ತಲಾಖ್. ಇವೆಲ್ಲವನ್ನೂ ಇಂಗ್ಲಿಷಿನಲ್ಲಿ ಕ್ಯೂ ಹಾಕಿ ಬರೆಯಬಹುದು.

ಜೆ ಹೆಚ್ಚಾಗಿ ಪದದ ಮೊದಲಲ್ಲೇ ಕೂರುತ್ತದೆ. ನಡುವೆ ಬಂದರೆ ಎರಡು ಜಾಗ ನೋಡಿ: ಜೆ-ಇ-ಸಿ-ಟಿ (ಪ್ರಾಜೆಕ್ಟ್, ಸಬ್ಜೆಕ್ಟ್, ರಿಜೆಕ್ಟ್, ಇಂಜೆಕ್ಟ್) ಮತ್ತು ಎ-ಡಿ-ಜೆ (ಅಡ್ಜಸ್ಟ್, ಅಡ್ಜೇಸೆಂಟ್). ಕೊನೆಯಲ್ಲಿ ಬರುವುದು ರಾಜ್, ತಾಜ್, ಹಜ್ ಥರ ಎರವಲು ಪದಗಳಲ್ಲಿ.

ಎಕ್ಸ್ ಇದ್ದು ಇ ಕೂಡ ಇದ್ದರೆ ಇ-ಎಕ್ಸ್ ಎಂದು ಶುರುಮಾಡಿ ನೋಡಿ. ಆಗದಿದ್ದರೆ ಎಕ್ಸನ್ನು ಕೊನೆಗೆ ತಳ್ಳಿ: ವೋರ್ಟೆಕ್ಸ್, ಕಾನ್ವೆಕ್ಸ್, ಜಿಂಕ್ಸ್.

ಝಡ್‌ಗೆ ಸುಲಭದ ದಾರಿ ಐ-ಝಡ್-ಇ ಬಾಲ. ಆಕ್ಸಿಡೈಝ್, ಮ್ಯಾಕ್ಸಿಮೈಝ್, ಜೆಪರ್ಡೈಝ್, ಈಕ್ವಲೈಝ್. ನೋಡಿ, ಎಕ್ಸ್, ಜೆ, ಕ್ಯೂ ಮೂರರ ಜೊತೆಗೂ ಝಡ್ ಈ ಬಾಲದಿಂದಲೇ ಸೇರಿಕೊಂಡಿತು. ಎರಡನೇ ದಾರಿ ಜೋಡಿ ಝಡ್ (ಜಾಝ್, ಡ್ಯಾಝಲ್), ಮೂರನೆಯದು ಟಿ-ಝಡ್ (ಕ್ವಾರ್ಟ್ಝ್).

ವಿ ನೋಡಲು ಸಾಧು, ಆಡಲು ಕಷ್ಟ. ಅದರ ಮುಂದೆ ಸ್ವರ ಬೇಕೇ ಬೇಕು ಅನ್ನಬಹುದು. ಕೊನೆಯಲ್ಲಿ ಒಂಟಿಯಾಗಿ ನಿಲ್ಲುವುದು ಬಹಳ ಕಡಿಮೆ. ಲವ್, ಹ್ಯಾವ್, ಗಿವ್ ಎಲ್ಲವೂ ಇ ಹಾಕಿಕೊಂಡೇ ಮುಗಿಯುತ್ತವೆ. ಸ್ಕ್ರ್ಯಾಬಲ್‌ನ ಎರಡಕ್ಷರದ ಪದಗಳಲ್ಲಂತೂ ವಿ ಇರುವುದು ಒಂದೂ ಇಲ್ಲ.

ಈಗ ಮೂರನೇ ಜಾತಿಯ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ಡಬ್ಲ್ಯೂ, ಕೆ, ಡಿ ಮೂರೂ ಇರುವ ಪದಗಳು ಬೇಕು, ಉದ್ದ ಎಷ್ಟಿದ್ದರೂ ಪರವಾಗಿಲ್ಲ.

ಮೂರರಲ್ಲಿ ಕೆ ಅಪರೂಪದ್ದು. ಕೆ ಎಲ್ಲೆಲ್ಲಿ ಕೂರುತ್ತದೆ? ಕೆ-ಇ-ಡಿ ಎಂದು ಕೊನೆಯಲ್ಲಿ ಕೂರುತ್ತದೆ. ಡಿ ಕೂಡ ಖರ್ಚಾಯಿತು, ಇನ್ನು ಡಬ್ಲ್ಯೂ ಒಂದೇ ಬಾಕಿ. ವಾಕ್ಡ್, ವರ್ಕ್ಡ್, ವಿಂಕ್ಡ್ ಬಂದವು. ಸಿ-ಕೆ ಜೋಡಿ: ವಿಕೆಡ್, ಬ್ಯಾಕ್‌ವರ್ಡ್. ಕೆ-ಎನ್ ಜೋಡಿ: ನಾಲೆಡ್ಜ್. ಇದನ್ನು ಕಿವಿಯಿಂದ ಹುಡುಕಿದವರಿಗೆ ಕೆ ಕೂಡ ಸಿಗುತ್ತಿರಲಿಲ್ಲ, ಡಬ್ಲ್ಯೂ ಕೂಡ ಸಿಗುತ್ತಿರಲಿಲ್ಲ. ಡಬ್ಲ್ಯೂ-ಕೆ ಅಕ್ಕಪಕ್ಕ: ಆಕ್‌ವರ್ಡ್. ಇಲ್ಲಿ ಕೆ ಎರಡು ಡಬ್ಲ್ಯೂಗಳ ನಡುವೆ ಸಿಕ್ಕಿಹಾಕಿಕೊಂಡಿದೆ.

ಕೊನೆಯದಾಗಿ ಜೋಡುಪದಗಳು. ಅಪರೂಪದ ಅಕ್ಷರಗಳು ಎರಡು ಪದ ಬೆಸೆದ ಕಡೆ ಆರಾಮಾಗಿ ಒಂದಾಗುತ್ತವೆ. ವೀಕೆಂಡ್, ವೀಕ್‌ಡೇ, ವರ್ಕ್‌ಡೇ, ವುಡ್‌ವರ್ಕ್, ವುಡ್‌ಪೆಕರ್. ಇಲ್ಲಿಗೆ ಹನ್ನೆರಡು ಸಿಕ್ಕಿದವು. ಎಲ್ಲಕ್ಕೂ ಶುರು ಕೆ.

ಒಟ್ಟಿಗೆ ಬರುವ ವಿಚಿತ್ರ ಗುಂಪುಗಳನ್ನೂ ಬೆಸುಗೆಯಲ್ಲೇ ಹುಡುಕಬೇಕು. ಟಿ-ಸಿ-ಎಚ್-ಪಿ-ಎಚ್ ಎಂಬ ಐದು ವ್ಯಂಜನ ಸಾಲಾಗಿ ಬರುವ ಪದ ಇದೆಯಾ? ಇದೆ, ಕ್ಯಾಚ್‌ಫ್ರೇಸ್. ಬೆಸುಗೆ ಇಲ್ಲದ ಗುಂಪುಗಳು ಹೆಚ್ಚಾಗಿ ಗ್ರೀಕ್ ಮೂಲದವು. ಪಿ-ಎಚ್-ಟಿ-ಎಚ್ ಕಂಡರೆ ಡಿಫ್ತೀರಿಯಾ, ನಾಫ್ತಲೀನ್, ಆಫ್ತಲ್ಮಾಲಜಿ ನೆನಪಾಗಬೇಕು. ಜೋಡಿ ಯು ಬೇಕಾದರೆ ವ್ಯಾಕ್ಯೂಮ್, ಕಂಟಿನ್ಯೂಮ್. ಜೋಡಿ ಐ ಬೇಕಾದರೆ ಸ್ಕೀಯಿಂಗ್, ರೇಡಿಯೈ.

ಹಂತ 6: ಜಾಗ ಗೊತ್ತಿದ್ದರೆ

ಪದಬಂಧದಲ್ಲಿ ಕೆಲವು ಮನೆ ತುಂಬಿರುತ್ತವೆ. ಖಾಲಿ ಮನೆಗಳಿಗೆ ಗೆರೆ ಎಳೆದು ಬರೆದುಕೊಳ್ಳಿ, ಮೊದಲು ಕೊನೆಯ ಮನೆಯ ಬಗ್ಗೆ ಯೋಚಿಸಿ. ಸುಳಿವು ಬಹುವಚನದಲ್ಲಿದ್ದರೆ ಕೊನೆಗೆ ಎಸ್, ಭೂತಕಾಲದಲ್ಲಿದ್ದರೆ ಇ-ಡಿ ಇರುವ ಸಂಭವ ಹೆಚ್ಚು. ಪೆನ್ಸಿಲ್‌ನಲ್ಲಿ ಬರೆದಿಡಿ, ಖಚಿತ ಅಲ್ಲ.

ವರ್ಡಲ್‌ನಲ್ಲಿ ಬೇರೆ ಥರದ ಬಲೆ ಇದೆ. ಐದಕ್ಷರದ ಪದ, ಆರು ಅವಕಾಶ. ಊಹಿಸಿದ ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು ಬಣ್ಣ, ಪದದಲ್ಲಿದ್ದು ಜಾಗ ಬೇರೆಯಾದರೆ ಹಳದಿ. ಎರಡನೆಯದು ಆರ್, ಮೂರನೆಯದು ಎ, ಐದನೆಯದು ಇ ಎಂದು ಹಸಿರಾಯಿತು. ಖುಷಿಯಾಗುತ್ತದೆ. ಆದರೆ ಈ ಅಚ್ಚಿಗೆ ಹೊಂದುವ ಪದಗಳು ರಾಶಿ ಇವೆ. ಹಳೆಯ ಊಹೆಗಳಿಂದ ಕೆಲವನ್ನು ಕಳೆದ ಮೇಲೆ ಬ್ರೇಸ್, ಗ್ರೇಸ್, ಟ್ರೇಸ್, ಗ್ರೇಡ್, ಟ್ರೇಡ್, ಗ್ರೇಪ್, ಡ್ರೇಪ್ ಎಂಬ ಏಳು ಉಳಿದಿವೆ ಎಂದುಕೊಳ್ಳಿ. ಕೈಯಲ್ಲಿರುವುದು ಮೂರು ಅವಕಾಶ. ಒಂದೊಂದನ್ನೇ ಹಾಕುತ್ತಾ ಹೋದರೆ ಗೆಲ್ಲುವುದು ಅದೃಷ್ಟದ ಮಾತು.

ಅದರ ಬದಲು ಉತ್ತರವೇ ಆಗಲಾರದ ಒಂದು ಪದ ಹಾಕಿ: ಟಿ-ಇ-ಪಿ-ಐ-ಡಿ, ಟೆಪಿಡ್. ಈ ಪದ ಟಿ, ಪಿ, ಡಿ ಮೂರನ್ನೂ ಒಂದೇ ಏಟಿಗೆ ವಿಚಾರಿಸುತ್ತದೆ. ಟಿ ಮಾತ್ರ ಬಣ್ಣ ಹಿಡಿದರೆ ಟ್ರೇಸ್. ಟಿ ಮತ್ತು ಡಿ ಆದರೆ ಟ್ರೇಡ್. ಡಿ ಮಾತ್ರ ಆದರೆ ಗ್ರೇಡ್. ಪಿ ಮಾತ್ರ ಆದರೆ ಗ್ರೇಪ್. ಪಿ ಮತ್ತು ಡಿ ಆದರೆ ಡ್ರೇಪ್. ಮೂರಕ್ಕೂ ಬಣ್ಣ ಇಲ್ಲದಿದ್ದರೆ ಬ್ರೇಸ್ ಅಥವಾ ಗ್ರೇಸ್, ಅದಕ್ಕೆ ಇನ್ನೂ ಎರಡು ಅವಕಾಶ ಉಳಿದಿವೆ. ಗೆಲುವು ಖಚಿತ. ಹಾರ್ಡ್ ಮೋಡ್‌ನಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸಿಕ್ಕ ಸುಳಿವನ್ನು ಮುಂದಿನ ಪದದಲ್ಲಿ ಬಳಸಲೇಬೇಕು.

ಹಂತ 7: ಕಂಪ್ಯೂಟರ್ ಸಹಾಯ ಪಡೆಯುವುದು

ಎದುರಾಳಿ ಇರುವ ಆಟದಲ್ಲಿ ಇದು ಮೋಸ. ಆದರೆ ಪದಬಂಧ ಕಟ್ಟುವವರಿಗೆ, ಮಕ್ಕಳಿಗೆ ಪದಪಟ್ಟಿ ಮಾಡುವ ಟೀಚರ್‌ಗಳಿಗೆ, ಆಟ ಮುಗಿದ ಮೇಲೆ ಏನು ತಪ್ಪಿಸಿಕೊಂಡೆ ಎಂದು ನೋಡುವವರಿಗೆ ಬೇಕಾಗುತ್ತದೆ.

ಎಲ್ಲಕ್ಕಿಂತ ಸುಲಭ ಒನ್‌ಲುಕ್ ಎಂಬ ನಿಘಂಟು ಹುಡುಕುತಾಣ. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ (?) ಅಂದರೆ ಯಾವುದೋ ಒಂದು ಅಕ್ಷರ. ನಕ್ಷತ್ರ (*) ಅಂದರೆ ಎಷ್ಟು ಅಕ್ಷರವಾದರೂ ಸರಿ, ಇಲ್ಲದಿದ್ದರೂ ಸರಿ. # ಹಾಕಿದರೆ ಅಲ್ಲಿ ವ್ಯಂಜನ, @ ಹಾಕಿದರೆ ಸ್ವರ. ಎರಡು ಓರೆಗೆರೆ (//) ಹಾಕಿ ಅಕ್ಷರ ಕೊಟ್ಟರೆ ಅವನ್ನು ಕಲಸಿ ಅನಗ್ರಾಮ್ ಹುಡುಕಿಕೊಡುತ್ತದೆ. ಹಿಂದಿನ ಉದಾಹರಣೆಯ ಸಿ-ಎ-ಟಿಯನ್ನು ಎರಡು ನಕ್ಷತ್ರದ ನಡುವೆ ಇಟ್ಟರೆ ಅದು ನಾಲ್ಕನೇ ಜಾತಿಯ ಪ್ರಶ್ನೆ. ಓರೆಗೆರೆ ಹಾಕಿಕೊಟ್ಟರೆ ಒಂದನೇ ಜಾತಿ. ಹಂತ 1 ಯಾಕೆ ಮುಖ್ಯ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಜಾಸ್ತಿ ಹುಡುಕುವವರು ಒಂದು ಪದಪಟ್ಟಿಯನ್ನೇ ಇಳಿಸಿಕೊಂಡು ಸ್ಪ್ರೆಡ್‌ಶೀಟಿನಲ್ಲಿ ಹಾಕಿಕೊಳ್ಳುವುದು ಒಳ್ಳೆಯದು. ಎನೇಬಲ್ ಎಂಬ ಪಟ್ಟಿಯಲ್ಲಿ ಸುಮಾರು 1.7 ಲಕ್ಷ ಪದ ಇವೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಒಂದು ಕಾಲಮ್‌ನಲ್ಲಿ ಪದ, ಪಕ್ಕದಲ್ಲಿ ಲೆನ್ ಫಾರ್ಮುಲಾ ಹಾಕಿ ಉದ್ದ. ಎಕ್ಸೆಲ್ ಫಿಲ್ಟರ್‌ನಲ್ಲಿ "ಈ ಅಕ್ಷರ ಇರಬೇಕು" ಎಂಬ ಷರತ್ತು ಒಂದು ಕಾಲಮ್‌ಗೆ ಎರಡೇ ಹಾಕಬಹುದು. ಮೂರನೇ ಅಕ್ಷರಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಮ್ ಮಾಡಿ, ಕೌಂಟ್‌ಇಫ್ ಹಾಕಿ, ಅಕ್ಷರವನ್ನು ಎರಡು ನಕ್ಷತ್ರದ ನಡುವೆ ಕೊಡಿ. ಇದ್ದರೆ 1, ಇಲ್ಲದಿದ್ದರೆ 0 ಬರುತ್ತದೆ.

ಪದದಲ್ಲಿ ಇ ಎಷ್ಟು ಸಲ ಇದೆ ಎಂದು ತಿಳಿಯಬೇಕೇ? ಸಬ್‌ಸ್ಟಿಟ್ಯೂಟ್ ಬಳಸಿ ಪದದಿಂದ ಇ ಅಕ್ಷರವನ್ನೆಲ್ಲ ತೆಗೆದುಹಾಕಿ. ಮೊದಲಿನ ಉದ್ದದಿಂದ ಈಗಿನ ಉದ್ದ ಕಳೆಯಿರಿ. ಬುಕ್‌ಕೀಪರ್‌ನ ಉದ್ದ 10, ಇ ತೆಗೆದರೆ 7. ಉತ್ತರ 3.

ಅನಗ್ರಾಮ್‌ಗೆ ಒಂದು ಹಳೆಯ, ಜಾಣ ಉಪಾಯ ಇದೆ. ಪ್ರತಿ ಪದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಇಟ್ಟು ಪಕ್ಕದಲ್ಲಿ ಬರೆಯುವುದು. ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್ ಮೂಲದಲ್ಲಿ ನಾಲ್ಕು ಬೇರೆ ಪದ. ಕ್ರಮದಲ್ಲಿಟ್ಟರೆ ನಾಲ್ಕೂ ಇ-ಐ-ಎಲ್-ಎನ್-ಎಸ್-ಟಿ. ಆ ಕಾಲಮ್ ಪ್ರಕಾರ ಪಟ್ಟಿಯನ್ನು ಸಾರ್ಟ್ ಮಾಡಿದರೆ ಅನಗ್ರಾಮ್‌ಗಳೆಲ್ಲ ತಾವಾಗಿಯೇ ಅಕ್ಕಪಕ್ಕ ಬಂದು ನಿಲ್ಲುತ್ತವೆ.

ಕಮಾಂಡ್ ಲೈನ್ ಗೊತ್ತಿರುವವರಿಗೆ ಗ್ರೆಪ್ ಸಾಕು. ಒಂದು ಅಕ್ಷರಕ್ಕೆ ಒಂದು ಗ್ರೆಪ್, ನಡುವೆ ಪೈಪ್. ಬೇಡದ ಅಕ್ಷರ ಕಳೆಯಲು ಮೈನಸ್ ವಿ, ದೊಡ್ಡ ಅಕ್ಷರ ಚಿಕ್ಕ ಅಕ್ಷರ ಒಂದೇ ಅನ್ನಲು ಮೈನಸ್ ಐ. ಪದದ ಶುರುವಿಗೆ ^, ಕೊನೆಗೆ $, ಯಾವುದೋ ಒಂದು ಅಕ್ಷರಕ್ಕೆ ಚುಕ್ಕಿ. ಮೇಲಿನ ವರ್ಡಲ್ ಅಚ್ಚು ಹೀಗಾಗುತ್ತದೆ: ^ . ಆರ್ ಎ . ಇ $. ನಿಜವಾಗಿ ಟೈಪ್ ಮಾಡುವಾಗ ನಡುವೆ ಸ್ಪೇಸ್ ಬೇಡ. ಮ್ಯಾಕ್‌ನಲ್ಲಿ ಬರುವ ಪದಪಟ್ಟಿಗೆ ಮೂಲ 1934ರ ವೆಬ್‌ಸ್ಟರ್ ನಿಘಂಟು. 2.3 ಲಕ್ಷಕ್ಕೂ ಹೆಚ್ಚು ಪದ ಇದ್ದರೂ ಬಹುವಚನ, ಭೂತಕಾಲದ ರೂಪಗಳು ಹೆಚ್ಚಾಗಿ ಇಲ್ಲ. ಅಲ್ಲಿ ಸಿಗಲಿಲ್ಲ ಅಂದರೆ ಪದವೇ ಇಲ್ಲ ಎಂದಲ್ಲ.

ಎಐ ಚಾಟ್‌ಬಾಟ್‌ಗಳನ್ನು ಕೇಳುವವರು ಈಗ ಜಾಸ್ತಿ. ಕೇಳಿ, ತೊಂದರೆ ಇಲ್ಲ. ಆದರೆ ಅವು ಪದವನ್ನು ಅಕ್ಷರ ಅಕ್ಷರವಾಗಿ ನೋಡುವುದಿಲ್ಲ, ಟೋಕನ್ ಎಂಬ ತುಂಡುಗಳಾಗಿ ನೋಡುತ್ತವೆ. ಹಾಗಾಗಿ ಇಲ್ಲದ ಅಕ್ಷರವನ್ನು ಇದೆ ಎಂದು ಧೈರ್ಯವಾಗಿ ಹೇಳಿಬಿಡುವುದುಂಟು. ಕೊಟ್ಟ ಪಟ್ಟಿಯನ್ನು ನೀವೇ ಒಮ್ಮೆ ಎಣಿಸಿ.

ಹಂತ 8: ಸಿಕ್ಕ ಪದ ಸಲ್ಲುತ್ತದಾ?

ಮೊದಲು ಅಕ್ಷರ ಹೊಡೆದುಹಾಕುವ ಪರೀಕ್ಷೆ. ಸಿಕ್ಕ ಪದದ ಒಂದೊಂದು ಅಕ್ಷರಕ್ಕೂ ನಿಮ್ಮ ಗುಂಪಿನಿಂದ ಒಂದೊಂದನ್ನು ಹೊಡೆಯುತ್ತಾ ಬನ್ನಿ. ಹೊಡೆಯಲು ಅಕ್ಷರ ಉಳಿದಿಲ್ಲ ಅಂದರೆ ಪದ ಬಿಟ್ಟುಬಿಡಿ.

ಆಮೇಲೆ ಯಾವ ಪಟ್ಟಿಯ ಪ್ರಕಾರ ಆಡುತ್ತಿದ್ದೀರಿ ಎಂದು ನೋಡಿ. ಉತ್ತರ ಅಮೆರಿಕದ ಸ್ಕ್ರ್ಯಾಬಲ್ ಪಟ್ಟಿಯ 2018ರ ಆವೃತ್ತಿಯಲ್ಲಿ ಎರಡಕ್ಷರದ ಪದಗಳು 107. ಬ್ರಿಟನ್ ಮುಂತಾದ ಕಡೆ ಬಳಸುವ ಕಾಲಿನ್ಸ್ ಪಟ್ಟಿಯ 2019ರ ಆವೃತ್ತಿಯಲ್ಲಿ 127. ಅಂದರೆ ಒಂದು ಕಡೆ ನಡೆಯುವ ಪದ ಇನ್ನೊಂದು ಕಡೆ ನಡೆಯದೆ ಇರಬಹುದು. ಸ್ಪೆಲ್ಲಿಂಗ್ ಬೀಯಲ್ಲಿ ಸಂಪಾದಕರು ಆರಿಸಿದ ಪಟ್ಟಿ ಇರುವುದರಿಂದ ನಿಘಂಟಿನಲ್ಲಿದ್ದರೂ ತೀರಾ ಅಪರೂಪದ ಪದ ಒಪ್ಪಿಗೆಯಾಗುವುದಿಲ್ಲ. ವ್ಯಕ್ತಿ, ಊರುಗಳ ಹೆಸರು ಸಾಮಾನ್ಯವಾಗಿ ಎಲ್ಲೂ ನಡೆಯುವುದಿಲ್ಲ.

ಬ್ರಿಟಿಷ್, ಅಮೆರಿಕನ್ ಸ್ಪೆಲ್ಲಿಂಗ್ ಗಲಾಟೆಯನ್ನೂ ಮರೆಯಬೇಡಿ. ಕಲರ್ ಪದದಲ್ಲಿ ಯು ಬೇಕಾ ಬೇಡವಾ, ಸೆಂಟರ್ ಮುಗಿಯುವುದು ಆರ್-ಇ ಎಂದೋ ಇ-ಆರ್ ಎಂದೋ, ಐ-ಝಡ್-ಇ ಜಾಗದಲ್ಲಿ ಐ-ಎಸ್-ಇ ಬರಬಹುದೋ. ಅಕ್ಷರ ಎಣಿಸುವ ಆಟದಲ್ಲಿ ಈ ಒಂದು ಅಕ್ಷರವೇ ಮನೆ ತಪ್ಪಿಸುತ್ತದೆ.

ಅಭ್ಯಾಸ ಹೇಗೆ?

ನಿಘಂಟು ಉರು ಹೊಡೆಯುವುದು ಬೇಡ. ಒಳ್ಳೆಯ ಆಟಗಾರರು ಒಂದು ಆರಕ್ಷರದ ಗುಂಪು ಹಿಡಿದು ಅದಕ್ಕೆ ಒಂದೊಂದೇ ಅಕ್ಷರ ಸೇರಿಸಿ ಏಳಕ್ಷರದ ಪದ ಹುಡುಕುತ್ತಾರೆ. ಸ್ಕ್ರ್ಯಾಬಲ್‌ನಲ್ಲಿ ಏಳೂ ಟೈಲ್ ಒಮ್ಮೆಗೇ ಇಳಿಸಿದರೆ 50 ಅಂಕ ಹೆಚ್ಚುವರಿ ಸಿಗುವುದೇ ಇದಕ್ಕೆ ಕಾರಣ.

ರೆಟಿನಾ ಪದದ ಆರಕ್ಷರ ತೆಗೆದುಕೊಳ್ಳಿ: ಆರ್, ಇ, ಟಿ, ಐ, ಎನ್, ಎ. ಸಿ ಸೇರಿಸಿದರೆ ಸರ್ಟನ್. ಜಿ ಸೇರಿಸಿದರೆ ಗ್ರಾನೈಟ್. ಪಿ ಸೇರಿಸಿದರೆ ಪೇಂಟರ್. ಎಚ್ ಸೇರಿಸಿದರೆ ಹೇರ್‌ನೆಟ್, ಕೆ ಸೇರಿಸಿದರೆ ಕೆರಟಿನ್, ಎಲ್ ಸೇರಿಸಿದರೆ ರಿಲಯಂಟ್. ಇನ್ನು ಡಿ, ಎಫ್, ಎಮ್, ಆರ್, ಎಸ್, ಟಿ, ಯು ಸೇರಿಸಿದರೆ ಏನೇನು ಬರುತ್ತದೆ ಎಂದು ಕಾಗದದ ಮೇಲೆ ನೀವೇ ಮಾಡಿ ನೋಡಿ. ಏಳಕ್ಕೂ ಪದ ಇವೆ, ಕೆಲವಕ್ಕೆ ಒಂದಕ್ಕಿಂತ ಹೆಚ್ಚು. ಡಿಗೆ ಇ-ಡಿ ಬಾಲ ಕಿತ್ತು ಶುರು ಮಾಡಿ, ಎಫ್‌ಗೆ ಇ-ಆರ್ ಬಾಲ. ಎಮ್ ಸ್ವಲ್ಪ ಕಾಡಿಸುತ್ತದೆ. ಅದರಲ್ಲಿ ಒಂದು ಪದ ಮಸೀದಿಯ ಮೇಲೆ ಕಾಣುತ್ತದೆ.